ಚಿರತೆಯ ಯಕೃತ್ತಿನಲ್ಲಿ ಏನಿದೆ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಚಿರತೆ ಬಾವಿಗೆ ಬೀಳುವುದು, ಕಾಡುಹಂದಿಗೆಂದು ಇಟ್ಟ ಉರುಳಿಗೆ ಸಿಲುಕಿ ಸಾಯುವುದು ಅಪರೂಪದ ಸುದ್ದಿಯಲ್ಲ. ಸತ್ತ ಪ್ರಾಣಿಗೆ ವಿಷಪ್ರಾಶನವಾದ ಸಂಶಯವಿದ್ದರೆ ಪಶುವೈದ್ಯರು ಯಕೃತ್ತು, ಮೂತ್ರಪಿಂಡಗಳ ತುಣುಕನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ತಿಂದದ್ದರ ಲೆಕ್ಕ ಉಳಿಯುವುದು ಈ ಅಂಗಗಳಲ್ಲಿ.

ದೇಹಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಬೇಕಾಗುವ ಕಬ್ಬಿಣ, ತಾಮ್ರಗಳಿಗೆ ಯಕೃತ್ತು ಉಗ್ರಾಣವಿದ್ದಂತೆ. ಆದರೆ ಬೇಡದ ಸೀಸ, ಪಾದರಸ, ಕ್ಯಾಡ್ಮಿಯಂಗಳೂ ಅದೇ ಉಗ್ರಾಣಕ್ಕೆ ನುಗ್ಗುತ್ತವೆ. ಜಪಾನಿನ ಮಿನಮಾಟಾದಲ್ಲಿ ಕಾರ್ಖಾನೆಯ ಪಾದರಸ ಸೇರಿದ ಮೀನು ತಿಂದು ಬೆಕ್ಕುಗಳು ಸೆಟೆದು ಸತ್ತವು. 1956ರಲ್ಲಿ ಅದೇ ಕಾಯಿಲೆ ಮನುಷ್ಯರಲ್ಲಿ ಪತ್ತೆಯಾಯಿತು. ಅದೇ ದೇಶದ ಹೊಕ್ಕೈಡೊ ದ್ವೀಪದಲ್ಲಿ, ಬೇಟೆಗಾರರು ಬಿಟ್ಟುಹೋದ ಜಿಂಕೆಯ ಮಾಂಸ ತಿಂದ ಹದ್ದುಗಳು ಗುಂಡಿನ ಸೀಸದಿಂದ ಸತ್ತವು.

‘ಕಾಡುಪ್ರಾಣಿಯ ಲಿವರ್ ತಿಂದರೆ ರಕ್ತ ಹೆಚ್ಚುತ್ತದಂತೆ, ಹೌದೇ ಡಾಕ್ಟ್ರೇ?’ ಎಂದು ಕೇಳುವವರಿದ್ದಾರೆ. ಯಕೃತ್ತಿನಲ್ಲಿ ಕಬ್ಬಿಣವಿರುವುದು ನಿಜ. ಆದರೆ ಅದಕ್ಕೆ ಕಾಡಿನದೇ ಆಗಬೇಕಿಲ್ಲ. ಕೋವಿಯಿಂದ ಹೊಡೆದ ಪ್ರಾಣಿಯ ಮಾಂಸದಲ್ಲಿ ಸೀಸದ ಕಣ್ಣಿಗೆ ಕಾಣದ ಚೂರುಗಳಿರಬಹುದು. ತೊಳೆದರೂ ಬೇಯಿಸಿದರೂ ಅವು ಹೋಗುವುದಿಲ್ಲ. ಇಷ್ಟು ಸೀಸ ನಿರಪಾಯ ಎಂಬ ಮಿತಿಯೇ ಇಲ್ಲ. ಮಕ್ಕಳ ಮೆದುಳಿಗೆ, ಗರ್ಭದಲ್ಲಿರುವ ಶಿಶುವಿಗೆ ಅದು ಹೆಚ್ಚು ಅಪಾಯಕಾರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಬೇಟೆ ಅಪರಾಧವೂ ಹೌದು.

ಬೀಡಿ ಕಟ್ಟುವ ನಮ್ಮೂರಿನವರು ತಿಳಿಯಬೇಕಾದ ಇನ್ನೊಂದು ಮಾತು: ಹೊಗೆಸೊಪ್ಪಿನ ಗಿಡ ಮಣ್ಣಿನಿಂದ ಕ್ಯಾಡ್ಮಿಯಂ ಹೀರುತ್ತದೆ. ಬೀಡಿ ಸೇದಿದವರ ಮೂತ್ರಪಿಂಡದಲ್ಲಿ ಅದು ಹತ್ತಾರು ವರ್ಷ ಉಳಿಯುತ್ತದೆ.

ಹಾಗಾದರೆ ರಕ್ತಹೀನತೆಗೆ ಏನು ಮಾಡಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ದಿನಕ್ಕೆ ಗಂಡಸರಿಗೆ 19, ಹೆಂಗಸರಿಗೆ 29 ಮಿಲಿಗ್ರಾಂ ಕಬ್ಬಿಣ ಬೇಕು. ಹುರುಳಿ, ರಾಗಿ, ಹರಿವೆ, ನುಗ್ಗೆಸೊಪ್ಪು ತಿನ್ನಿ. ಮೀನು ತಿನ್ನುವವರಿಗೆ ಮರುವಾಯಿ, ಬೂತಾಯಿ ಇವೆ. ಊಟಕ್ಕೆ ಲಿಂಬೆರಸ ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಅದಕ್ಕೆ ಅಡ್ಡಿಯಾಗುತ್ತದೆ.

ಸುಸ್ತು, ಏದುಸಿರು, ಕಣ್ಣಿನ ಒಳರೆಪ್ಪೆ ಬಿಳಿಚಿದ್ದರೆ ಹಿಮೋಗ್ಲೋಬಿನ್ ಪರೀಕ್ಷಿಸಿಕೊಳ್ಳಿ. ಹೆಂಗಸರಲ್ಲಿ ಅದು 12ಕ್ಕಿಂತ, ಗರ್ಭಿಣಿಯರಲ್ಲಿ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆಯೆಂದೇ ಅರ್ಥ. ಕೊಕ್ಕೆಹುಳ, ಮುಟ್ಟಿನ ಅತಿಸ್ರಾವ, ಮೂಲವ್ಯಾಧಿ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆಯಾಗಬೇಕು. ಕಬ್ಬಿಣದ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ. ಮಲ ಕಪ್ಪಾಯಿತೆಂದು ಹೆದರಿ ನಿಲ್ಲಿಸಬೇಡಿ. ವೈದ್ಯರು ಹೇಳಿದಷ್ಟು ತಿಂಗಳು ನುಂಗಿ.