ಬೈಕಿಗೊಂದು ಗಾಳಿತಡೆ: ಮಾಡೋದು ಹೇಗೆ, ಮಾಡಬೇಕಾಗಿ ಬಂದಿದ್ದು ಯಾಕೆ?

ಕಳೆದ ಡಿಸೆಂಬರ್‌ನ ಒಂದು ನಸುಕಿನಲ್ಲಿ ತುಮಕೂರು ರಸ್ತೆಯ ಟೀ ಅಂಗಡಿಯೊಂದರ ಮುಂದೆ ಬೈಕ್ ನಿಲ್ಲಿಸಿದ್ದೆ. ಪಕ್ಕದಲ್ಲಿದ್ದ 100 ಸಿಸಿ ಬೈಕಿನ ಹ್ಯಾಂಡಲ್ ಕಣ್ಣಿಗೆ ಬಿತ್ತು. ಐದು ಲೀಟರಿನ ಅಡುಗೆ ಎಣ್ಣೆ ಕ್ಯಾನನ್ನು ಉದ್ದಕ್ಕೆ ಸೀಳಿ, ಆಚೆಗೊಂದು ಈಚೆಗೊಂದು ಹೋಳನ್ನು ಹಿಡಿಗಳ ಮುಂದೆ ಕಟ್ಟಲಾಗಿತ್ತು. ಬೈಕು ಡೆಲಿವರಿ ಕೆಲಸ ಮಾಡುವ ರಾಯಚೂರು ಕಡೆಯ ಹುಡುಗನದು. ಯಾಕಪ್ಪಾ ಇದು ಅಂತ ಕೇಳಿದೆ. "ಇಷ್ಟೊತ್ನ್ಯಾಗ ಬ್ರೇಕ್ ಹಿಡಿಯಾಕ ಬೆರಳ ಮಾತ ಕೇಳೂದಿಲ್ರೀ ಅಣ್ಣಾ," ಅಂದ.

ಇದು ಬರೀ ಚಳಿಯ ದೂರು ಅಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬೈಕ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಮರಗಟ್ಟಿದ ಬೆರಳು ಅರ್ಧ ಸೆಕೆಂಡ್ ತಡ ಮಾಡಿದರೆ ಬ್ರೇಕ್ ಹಿಡಿಯುವ ಮೊದಲೇ 8 ಮೀಟರ್ ಹೋಗಿಬಿಟ್ಟಿರುತ್ತೆ. ಅಂದ್ರೆ ಆ ಎಣ್ಣೆ ಕ್ಯಾನ್ ಒಂದು ಸುರಕ್ಷತಾ ಸಾಧನ. ಅದನ್ನು ಅವನೇ ಮಾಡಿಕೊಳ್ಳಬೇಕಾಗಿ ಬಂದಿದ್ದು ಯಾಕೆ ಅನ್ನೋದಕ್ಕೆ ಆಮೇಲೆ ಬರ್ತೀನಿ. ಮೊದಲು ಅದನ್ನು ಸರಿಯಾಗಿ ಮಾಡೋದು ಹೇಗೆ ಅಂತ ನೋಡೋಣ.

ಗಾಳಿಯ ಲೆಕ್ಕ

ಎದುರುಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 30ರಿಂದ 60ಕ್ಕೆ ಹೋದರೆ ವೇಗ ಎರಡು ಪಟ್ಟು, ಎದೆಗೆ ಬಡಿಯುವ ಬಲ ನಾಲ್ಕು ಪಟ್ಟು. ಸಿಟಿಯೊಳಗೆ ಗೊತ್ತೇ ಆಗದ ಗಾಳಿ ಹೈವೇಯಲ್ಲಿ ಕತ್ತು ನೋಯಿಸುವುದು ಇದಕ್ಕೇ.

ಇನ್ನು ಚಳಿ. ನಮ್ಮ ಚರ್ಮದ ಸುತ್ತ ಬೆಚ್ಚಗಿನ ಗಾಳಿಯ ಒಂದು ತೆಳು ಪದರ ಇರುತ್ತದೆ. ಬೀಸುವ ಗಾಳಿ ಅದನ್ನು ಕಿತ್ತುಕೊಂಡು ಹೋಗುತ್ತಲೇ ಇರುತ್ತದೆ. ಬೀದರ್, ಚಿಕ್ಕಮಗಳೂರು ಕಡೆಯ ಚಳಿಗಾಲದಲ್ಲಿ 10 ಡಿಗ್ರಿಯ ಬೆಳಗು ಹೊಸದೇನಲ್ಲ. ಆ ಚಳಿಯಲ್ಲಿ 60 ಕಿ.ಮೀ. ವೇಗದ ಗಾಳಿಗೆ ಒಡ್ಡಿದ ಚರ್ಮಕ್ಕೆ ಅದು ಸುಮಾರು 5 ಡಿಗ್ರಿಯಂತೆ ತಟ್ಟುತ್ತದೆ. ಗ್ಲೌಸ್ ಒದ್ದೆಯಾಗಿದ್ದರೆ ಕಥೆ ಇನ್ನೂ ಕೆಟ್ಟದ್ದು.

ಇಲ್ಲೊಂದು ಭ್ರಮೆ ಬಿಟ್ಟುಬಿಡಿ. ಗಾಳಿತಡೆ ಹಾಕಿದರೆ ಮೈಲೇಜ್ ಏರುತ್ತೆ ಅಂತ ಮಾಡಲು ಹೊರಡಬೇಡಿ. ನೆಟ್ಟಗೆ ನಿಲ್ಲಿಸಿದ ಚಪ್ಪಟೆ ಹಾಳೆ ಗಾಳಿಯ ಎಳೆತವನ್ನು ಹೆಚ್ಚಿಸಲೂಬಹುದು. ಇದರ ಕೆಲಸ ಗಾಳಿಯನ್ನು ಮೈಯಿಂದ ಪಕ್ಕಕ್ಕೆ ತಿರುಗಿಸುವುದು, ಅಷ್ಟೇ.

ನನ್ನ ಮೊದಲ ಎಡವಟ್ಟು

ಇಂಜಿನಿಯರಿಂಗ್ ಓದಿದ ಜಂಬದಲ್ಲಿ ನಾನು ಮೊದಲು ಮಾಡಿದ್ದು ಅಕ್ರಿಲಿಕ್ ಹಾಳೆಯಲ್ಲಿ. ಗಾಜಿನಂತೆ ಹೊಳೆಯುತ್ತಿತ್ತು. ಬೋಲ್ಟ್ ಬಿಗಿ ಮಾಡುವಾಗ ತೂತಿನಿಂದ ಅಂಚಿನವರೆಗೆ ಬಿರುಕು ಬಿಟ್ಟಿತು. ಮನೆ ಮುಂದೆಯೇ ಒಡೆದದ್ದು ಪುಣ್ಯ. ಅಕ್ರಿಲಿಕ್ ಮುರಿದರೆ ಚೂಪು ಚೂರುಗಳಾಗುತ್ತದೆ, ಅದು ಇರುವ ಜಾಗ ನಿಮ್ಮ ಕುತ್ತಿಗೆಯ ಮುಂದೆ.

ಬೇಕಾಗಿರುವುದು ಪಾಲಿಕಾರ್ಬೊನೇಟ್. 3 ಮಿ.ಮೀ. ದಪ್ಪದ, ಗಟ್ಟಿ ಪಾರದರ್ಶಕ ಹಾಳೆ. ಚಾವಣಿಗೆ ಹಾಕುವ, ಒಳಗೆ ಟೊಳ್ಳು ಸಾಲುಗಳಿರುವ ಹಾಳೆ ಬೇಡ. ನಾಮಫಲಕ ಮಾಡುವ ಅಂಗಡಿಗಳಲ್ಲಿ ಕತ್ತರಿಸಿ ಉಳಿದ ತುಂಡು ಕೇಳಿ ನೋಡಿ, ಕಡಿಮೆಗೆ ಸಿಗುತ್ತದೆ. ಎರಡೂ ನೋಡಲು ಒಂದೇ ಥರ ಇರುತ್ತವೆ. ಆದ್ದರಿಂದ ಒಂದು ಸಣ್ಣ ಪಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಬಗ್ಗಿಸಿ: ಅಕ್ರಿಲಿಕ್ ಲಟಕ್ಕನೆ ಮುರಿಯುತ್ತದೆ, ಪಾಲಿಕಾರ್ಬೊನೇಟ್ ಬಾಗುತ್ತದೆ.

ಮಾಡುವ ಕ್ರಮ

ಮೊದಲು ರಟ್ಟು. ಸುಮಾರು 40 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ರಟ್ಟನ್ನು ಹೆಡ್‌ಲೈಟ್ ಮೇಲೆ ಟೇಪ್ ಹಚ್ಚಿ ನಿಲ್ಲಿಸಿ, ಸೀಟಿನ ಮೇಲೆ ಕೂತು ನೋಡಿ. ಮೇಲಂಚು ನಿಮ್ಮ ಕಣ್ಣಿನ ನೇರಕ್ಕಿಂತ ಸಾಕಷ್ಟು ಕೆಳಗಿರಬೇಕು. ನೀವು ಹಾಳೆಯ ಮೇಲಿಂದ ರಸ್ತೆ ನೋಡಬೇಕೇ ಹೊರತು ಹಾಳೆಯ ಮೂಲಕ ಅಲ್ಲ. ಮಳೆ ಹನಿ, ಗೀರು, ಎದುರು ಲಾರಿಯ ಲೈಟು ಮೂರೂ ಸೇರಿದರೆ ರಾತ್ರಿ ಏನೂ ಕಾಣೋದಿಲ್ಲ.

ಆಕಾರ ಒಪ್ಪಿಗೆಯಾದ ಮೇಲೆ ಹಾಳೆ ಕತ್ತರಿಸಿ. ಮೂಲೆಗಳನ್ನು ದುಂಡಗೆ ಮಾಡಿ, ಅಂಚನ್ನೆಲ್ಲ ಅರ ಮತ್ತು ಉಪ್ಪುಕಾಗದದಿಂದ ಉಜ್ಜಿ. ಚೂಪಾದ ಮೂಲೆಯಿಂದಲೇ ಬಿರುಕು ಶುರುವಾಗೋದು. ತೂತು ಬೋಲ್ಟಿಗಿಂತ ಒಂದೆರಡು ಮಿ.ಮೀ. ದೊಡ್ಡದಿರಲಿ. ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗುತ್ತದೆ: 40 ಸೆಂ.ಮೀ. ಹಾಳೆ 40 ಡಿಗ್ರಿ ಏರಿಳಿತಕ್ಕೆ ಒಂದು ಮಿ.ಮೀ.ಗೂ ಹೆಚ್ಚು ಬದಲಾಗುತ್ತದೆ. ತೂತಿನ ಎರಡೂ ಬದಿ ರಬ್ಬರ್ ವಾಷರ್ ಹಾಕಿ, ಕೈಬಿಗಿ ಆದಮೇಲೆ ಸ್ವಲ್ಪ ಮಾತ್ರ ತಿರುಗಿಸಿ. ಲಾಕ್ ನಟ್ ಬಳಸಿ. ಬೋಲ್ಟಿಗೆ ಹಚ್ಚುವ ಅಂಟು ಬೇಡ, ಅದು ಪಾಲಿಕಾರ್ಬೊನೇಟನ್ನು ತಿನ್ನುತ್ತದೆ. ಪೆಟ್ರೋಲ್, ಥಿನ್ನರ್ ಕೂಡ ಅಷ್ಟೇ. ಒರೆಸಲು ಸೋಪು ನೀರು ಸಾಕು.

ಎಷ್ಟು ಗಟ್ಟಿಯಾಗಿ ಕೂರಿಸಬೇಕು? ಈ ಅಳತೆಯ ಹಾಳೆಯ ಮೇಲೆ 60 ಕಿ.ಮೀ. ವೇಗದಲ್ಲಿ ಬೀಳುವ ಬಲ ಸುಮಾರು 2 ಕೆ.ಜಿ. ತೂಕದಷ್ಟು. 80ರಲ್ಲಿ ಮೂರೂವರೆ ದಾಟುತ್ತದೆ. ಪಕ್ಕದಲ್ಲಿ ಬಸ್ ಹಾದುಹೋದಾಗ ಅದು ಅಡ್ಡಡ್ಡಲಾಗಿಯೂ ತಳ್ಳುತ್ತದೆ. ಎರಡು ಕೇಬಲ್ ಟೈ ನಂಬಿಕೊಂಡು ಹೋಗುವ ಬಲ ಅಲ್ಲ ಇದು. ಕನಿಷ್ಠ ನಾಲ್ಕು ಕಡೆ ಲೋಹದ ಕ್ಲ್ಯಾಂಪ್ ಬೇಕು. ಹೆಡ್‌ಲೈಟು ಹ್ಯಾಂಡಲ್ ಜೊತೆ ತಿರುಗುವ ಬೈಕಿನಲ್ಲಿ ಎರಡನ್ನು ಹ್ಯಾಂಡಲ್‌ಗೆ, ಎರಡನ್ನು ಹೆಡ್‌ಲೈಟಿನ ಬ್ರಾಕೆಟ್‌ಗೆ ಹಾಕಬಹುದು. ಹೆಡ್‌ಲೈಟು ತಿರುಗದ ಬೈಕಿನಲ್ಲಿ ಹಾಗೆ ಮಾಡಿದರೆ ಹ್ಯಾಂಡಲೇ ಕಟ್ಟಿಹಾಕಿದಂತೆ.

ಹಾಳೆಯನ್ನು ನಿಮ್ಮ ಕಡೆಗೆ ಸ್ವಲ್ಪ ಓರೆ ಮಾಡಿ, ಕೆಳಗಡೆ ಎರಡು ಬೆರಳಷ್ಟು ಸಂದು ಬಿಡಿ. ಹಾಳೆಯ ಹಿಂದೆ ಒತ್ತಡ ಕಡಿಮೆ ಇರುತ್ತದೆ. ಅಲ್ಲಿಗೆ ಮೇಲಿನಿಂದ ಸುಳಿಯಾಗಿ ನುಗ್ಗುವ ಗಾಳಿಯೇ ಹೆಲ್ಮೆಟ್ಟನ್ನು ಗಡಗಡ ಅಲುಗಿಸುವುದು. ಕೆಳಗಿನ ಸಂದಿನಿಂದ ಸ್ವಲ್ಪ ಗಾಳಿ ಬಂದರೆ ಆ ಸುಳಿ ತಗ್ಗುತ್ತದೆ.

ಹೊರಡುವ ಮೊದಲು

ಹ್ಯಾಂಡಲನ್ನು ಎಡದ ಕೊನೆಗೆ, ಬಲದ ಕೊನೆಗೆ ತಿರುಗಿಸಿ. ಟ್ಯಾಂಕಿಗೆ, ಕೇಬಲಿಗೆ ಏನೂ ತಾಗಬಾರದು. ಇಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಇದನ್ನೇ ಇನ್ನೊಮ್ಮೆ ಮಾಡಿ. ತಿರುಗಿಸಿದಾಗ ಇಂಜಿನ್ ಸದ್ದು ಏರಿದರೆ ಆಕ್ಸಿಲರೇಟರ್ ಕೇಬಲ್ ಎಲ್ಲೋ ಎಳೆಯುತ್ತಿದೆ ಅಂತ ಅರ್ಥ. ಹಾಗೇ ಹೊರಡಬೇಡಿ.

ಎಣ್ಣೆ ಕ್ಯಾನಿನ ಕೈತಡೆಗೂ ಇದೇ ನಿಯಮ. ಬ್ರೇಕ್, ಕ್ಲಚ್ ಲಿವರ್ ಪೂರ್ತಿ ಒತ್ತಿ ಪೂರ್ತಿ ಬಿಡಲು ಜಾಗ ಇರಬೇಕು. ಗಾಳಿಗೆ ಕ್ಯಾನ್ ಹಿಂದಕ್ಕೆ ಬಾಗಿ ಬ್ರೇಕ್ ಲಿವರನ್ನು ಒತ್ತುತ್ತಾ ಇದ್ದರೆ ಬ್ರೇಕ್ ಹಿಡಿದುಕೊಂಡೇ ಇರುತ್ತೆ. ಕೈಯಿಂದಲೇ ಒತ್ತಿ ಪರೀಕ್ಷಿಸಿ. ಹೆಡ್‌ಲೈಟ್, ಇಂಡಿಕೇಟರ್, ನಂಬರ್ ಪ್ಲೇಟ್ ಯಾವುದೂ ಮರೆಯಾಗಬಾರದು.

ಮೊದಲ ಸವಾರಿ ಖಾಲಿ ರಸ್ತೆಯಲ್ಲಿ, 40ರೊಳಗೆ. ತಲೆ ಸ್ವಲ್ಪ ತಗ್ಗಿಸಿದಾಗ ಸದ್ದು ಕಡಿಮೆಯಾದರೆ ಹಾಳೆ ಗಿಡ್ಡ, ಎತ್ತಿದಾಗ ಕಡಿಮೆಯಾದರೆ ಉದ್ದ. ಹ್ಯಾಂಡಲ್ ನಡುಗುವ ಸೂಚನೆ ಕಂಡರೆ ಬಿಚ್ಚಿಬಿಡಿ, ಚರ್ಚೆಯೇ ಬೇಡ.

ಪೊಲೀಸರು ಹಿಡಿದರೆ?

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಬಿಗಿಯಾಗಿಯೇ ಓದಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ₹5,000 ದಂಡ ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಅನ್ನುತ್ತದೆ. ಬಿಚ್ಚಿ ತೆಗೆಯಬಹುದಾದ ಒಂದು ಹಾಳೆ ನೋಂದಣಿ ಪತ್ರದ ಯಾವ ವಿವರವನ್ನೂ ಬದಲಿಸುವುದಿಲ್ಲ ಅನ್ನೋದು ನನ್ನ ವಾದ. ಆದರೆ ರಸ್ತೆ ಬದಿಯಲ್ಲಿ ಆ ವಾದ ನಡೆಯುತ್ತದೆ ಅಂತ ನಾನು ಭರವಸೆ ಕೊಡಲಾರೆ. ಅದಕ್ಕೇ ಬೆಸುಗೆ ಬೇಡ, ಚಾಸಿಗೆ ತೂತು ಬೇಡ. ಐದು ನಿಮಿಷದಲ್ಲಿ ಬಿಚ್ಚುವಂತಿರಲಿ.

ಈ ಗೊಂದಲದ ಭಾರ ಯಾರ ಮೇಲೆ ಬೀಳುತ್ತದೆ ನೋಡಿ. ಟೂರಿಂಗ್‌ಗೆಂದೇ ಮಾಡಿದ ದುಬಾರಿ ಬೈಕಿಗೆ ಕಂಪನಿಯೇ ವಿಂಡ್‌ಸ್ಕ್ರೀನ್ ಕೂರಿಸಿ ಕೊಡುತ್ತದೆ. ಅದರಲ್ಲಿ ಹಲವರು ಹೋಗೋದು ವಾರಾಂತ್ಯದ ಸುತ್ತಾಟಕ್ಕೆ. ದಿನಕ್ಕೆ ಹತ್ತು ಹನ್ನೆರಡು ಗಂಟೆ ಹ್ಯಾಂಡಲ್ ಹಿಡಿಯುವವನ 100 ಸಿಸಿ ಬೈಕಿಗೆ ಹೆಡ್‌ಲೈಟ್ ಮೇಲೊಂದು ಅಂಗೈಯಗಲದ ಪ್ಲಾಸ್ಟಿಕ್. ಅವನಿಗೆ ಬೈಕೇ ಕಾರ್ಖಾನೆ. ಆದರೆ ಪೆಟ್ರೋಲು, ಟೈರು, ಗ್ಲೌಸು, ಈಗ ಈ ಎಣ್ಣೆ ಕ್ಯಾನು, ಎಲ್ಲ ಅವನ ಜೇಬಿನದೇ.

2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗಾಗಿ ಪ್ರತ್ಯೇಕ ಕಾಯ್ದೆ ತಂದಿದೆ. ಕಾರ್ಮಿಕರಿಗೆ ಪ್ರತಿ ವಹಿವಾಟಿನಲ್ಲಿ ಸಂದಾಯವಾಗುವ ಮೊತ್ತದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ಪಡೆಯಲು ಅದರಲ್ಲಿ ಅವಕಾಶವಿದೆ. ಅಪಘಾತವಾದ ಮೇಲೆ ಪರಿಹಾರ ಬೇಕೇ ಬೇಕು. ಆದರೆ ಅಪಘಾತ ತಪ್ಪಿಸುವ ಗ್ಲೌಸು, ಗಾಳಿತಡೆಗಳೂ ಕಲ್ಯಾಣದ ಪಟ್ಟಿಯಲ್ಲಿ ಬರಬೇಕಲ್ವಾ? ಸಾರಿಗೆ ಇಲಾಖೆ ಒಂದು ಅಳತೆ, ಒಂದು ಮಾದರಿ ಒಪ್ಪಿಕೊಟ್ಟರೆ ದಂಡದ ಭಯವೂ ಹೋಗುತ್ತದೆ. ಇದು ದೊಡ್ಡ ಬಜೆಟ್ಟಿನ ಮಾತಲ್ಲ, ಒಂದು ಸುತ್ತೋಲೆಯಿಂದ ಶುರುಮಾಡಬಹುದಾದ ಕೆಲಸ.

ಅಲ್ಲಿಯವರೆಗೆ, ಸಿಗ್ನಲ್‌ನಲ್ಲಿ ಕ್ಯಾನ್ ಕಟ್ಟಿದ ಬೈಕ್ ಪಕ್ಕದಲ್ಲಿ ನಿಂತರೆ ನಗಬೇಡಿ. ಅದು ಬ್ರೇಕ್ ಲಿವರಿಗೆ ತಾಗುತ್ತಿದೆಯಾ ಅಂತ ಒಮ್ಮೆ ನೋಡಿ. ತಾಗುತ್ತಿದ್ದರೆ, ಹಸಿರು ಬೀಳೋದರೊಳಗೆ ಹೇಳಿಬಿಡಿ.