ಜೀವಕೋಶದ ಬಾಗಿಲಲ್ಲಿ ಔಷಧಕ್ಕೆ ತಡೆ

ಮನೆಯಲ್ಲಿ ಎಪ್ಪತ್ತೈದು ದಾಟಿದ ಅಜ್ಜ ಇದ್ದಾರೆ ಎನ್ನಿ. ಹೃದಯದ ಬಡಿತ ಹದ ತಪ್ಪಿದ್ದರಿಂದ ಹಲವು ವರ್ಷಗಳಿಂದ ಡಿಗಾಕ್ಸಿನ್ ಮಾತ್ರೆ ನುಂಗುತ್ತಿದ್ದಾರೆ. ಯಾವ ತೊಂದರೆಯೂ ಇಲ್ಲ. ಮಳೆಗಾಲದಲ್ಲಿ ಕೆಮ್ಮು, ಕಫ ಜೋರಾಯಿತು. ಹೃದಯದ ಮಾತ್ರೆಯ ವಿಷಯ ತಿಳಿಯದ ಬೇರೊಬ್ಬ ವೈದ್ಯರು ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್ ಬರೆದುಕೊಟ್ಟರು. ನಾಲ್ಕೈದು ದಿನಗಳಲ್ಲಿ ಕಫ ಇಳಿಯಿತು. ಆದರೆ ಅಜ್ಜನಿಗೆ ಊಟ ಸೇರುತ್ತಿಲ್ಲ. ವಾಕರಿಕೆ, ತಲೆಸುತ್ತು. ನೋಡಿದ್ದೆಲ್ಲ ಹಳದಿಯಾಗಿ ಕಾಣುತ್ತದೆ ಎನ್ನುತ್ತಾರೆ. ಮನೆಯವರು ಇದು ಆಂಟಿಬಯಾಟಿಕ್‌ನ ಉಷ್ಣ ಎಂದುಕೊಂಡು ಮಜ್ಜಿಗೆ, ಎಳನೀರು ಕುಡಿಸುತ್ತಾರೆ.

ಇದು ಉಷ್ಣವಲ್ಲ. ಡಿಗಾಕ್ಸಿನ್ ಮೈಯಲ್ಲಿ ಮಿತಿಮೀರಿ ವಿಷವಾಗಿದೆ. ಅಜ್ಜ ಒಂದು ಮಾತ್ರೆಯನ್ನೂ ಹೆಚ್ಚಾಗಿ ನುಂಗಿಲ್ಲವಲ್ಲ, ಹಾಗಾದರೆ ಅದು ಹೆಚ್ಚಾದದ್ದು ಹೇಗೆ?

ಇದಕ್ಕೆ ಉತ್ತರ ಜೀವಕೋಶದ ಹೊರಪೊರೆಯಲ್ಲಿದೆ. ನಮ್ಮ ದೇಹದ ಪ್ರತಿ ಜೀವಕೋಶವನ್ನೂ ಕೊಬ್ಬಿನಿಂದಾದ ತೆಳು ಪೊರೆ ಸುತ್ತುವರಿದಿದೆ. ಕೊಬ್ಬಿನಲ್ಲಿ ಸುಲಭವಾಗಿ ಕರಗುವ ವಸ್ತುಗಳು ಅದರ ಮೂಲಕ ತಾವೇ ನುಸುಳಬಲ್ಲವು. ಸಕ್ಕರೆ, ಅಮೈನೊ ಆಮ್ಲ ಮೊದಲಾದವುಗಳಿಗೆ ಅದು ಸಾಧ್ಯವಿಲ್ಲ. ಅವುಗಳನ್ನು ಒಳಕ್ಕೆ ತರಲು ಪೊರೆಯಲ್ಲಿ ಅಲ್ಲಲ್ಲಿ ಹುದುಗಿರುವ ಪ್ರೋಟೀನುಗಳೇ ಬೇಕು. ಇವುಗಳನ್ನು ಸಾಗಣೆ ಪ್ರೋಟೀನುಗಳು ಎನ್ನಬಹುದು. ಒಳಗೆ ಬಂದದ್ದನ್ನು ಶಕ್ತಿ ವ್ಯಯಿಸಿ ಮತ್ತೆ ಹೊರಕ್ಕೆ ನೂಕುವ ಪ್ರೋಟೀನುಗಳೂ ಇವೆ. ಅಜ್ಜನ ಕಥೆಗೆ ಸಂಬಂಧಿಸಿದ್ದು ಈ ಎರಡನೆಯ ಬಗೆ.

ಹೀಗೆ ಹೊರದೂಡುವವುಗಳಲ್ಲಿ ಹೆಸರಾದದ್ದು ಪಿ-ಗ್ಲೈಕೋಪ್ರೋಟೀನ್. 1976ರಲ್ಲಿ ಕೆನಡಾದ ವಿಜ್ಞಾನಿಗಳಾದ ಜೂಲಿಯಾನೊ ಮತ್ತು ಲಿಂಗ್ ಇದನ್ನು ಪತ್ತೆಹಚ್ಚಿದರು. ಅವರು ಪರೀಕ್ಷಿಸುತ್ತಿದ್ದುದು ಔಷಧಕ್ಕೆ ಬಗ್ಗದ ಜೀವಕೋಶಗಳನ್ನು. ಹಾಕಿದ ಔಷಧವನ್ನು ಆ ಕೋಶಗಳು ಒಳಗೆ ನಿಲ್ಲಗೊಡುತ್ತಿರಲಿಲ್ಲ. ಕೆಲವು ಕ್ಯಾನ್ಸರ್ ಗೆಡ್ಡೆಗಳು ಮದ್ದಿಗೆ ಜಗ್ಗದಿರುವುದಕ್ಕೆ ಇದೂ ಒಂದು ಕಾರಣವೆಂದು ತಿಳಿದಾಗ ಭಾರಿ ಆಸೆ ಹುಟ್ಟಿತು. ಆದರೆ ಈ ಪಂಪನ್ನು ತಡೆಯುವ ಔಷಧಗಳನ್ನು ರೋಗಿಗಳಿಗೆ ಕೊಟ್ಟು ನೋಡಿದಾಗ ನಿರೀಕ್ಷಿಸಿದ ಫಲ ಸಿಗಲಿಲ್ಲ.

ಇದು ಕ್ಯಾನ್ಸರಿನ ಕೋಶಗಳಲ್ಲಿ ಮಾತ್ರ ಇರುವಂಥದ್ದಲ್ಲ. ಕರುಳಿನ ಒಳಪದರ, ಮೂತ್ರಪಿಂಡ, ಪಿತ್ತಜನಕಾಂಗ, ಮೆದುಳಿನ ಸೂಕ್ಷ್ಮ ರಕ್ತನಾಳ, ಗರ್ಭಿಣಿಯ ಮಾಸು, ಎಲ್ಲ ಕಡೆಯೂ ಇದೆ. ನಾವು ತಿನ್ನುವ ಸೊಪ್ಪು, ಬೇರು, ಕಾಯಿಗಳಲ್ಲಿನ ಬೇಡದ ವಸ್ತುಗಳನ್ನು ತಡೆಯಲೆಂದೇ ಇರುವ ಕಾವಲು ಇದು. ಔಷಧವೂ ಅದರ ಕಣ್ಣಿಗೆ ಇನ್ನೊಂದು ಅಪರಿಚಿತ ವಸ್ತು, ಅಷ್ಟೆ.

ಅಜ್ಜನಿಗೆ ಡಿಗಾಕ್ಸಿನ್ ಪ್ರಮಾಣ ಗೊತ್ತುಮಾಡುವಾಗ ಈ ಪಂಪಿನ ಕೆಲಸವೂ ಲೆಕ್ಕದಲ್ಲಿ ಸೇರಿಯೇ ಇರುತ್ತದೆ. ನುಂಗಿದ್ದರಲ್ಲಿ ಒಂದು ಪಾಲನ್ನು ಕರುಳಿನಲ್ಲೇ ಹಿಂದಕ್ಕೆ ತಳ್ಳುವುದೂ, ರಕ್ತ ಸೇರಿದ್ದನ್ನು ಮೂತ್ರಕ್ಕೆ ಸಾಗಿಸುವುದೂ ಅದೇ. ಕ್ಲಾರಿಥ್ರೊಮೈಸಿನ್ ಆ ಪಂಪನ್ನು ಕಟ್ಟಿಹಾಕುತ್ತದೆ. ಒಳಕ್ಕೆ ಹೆಚ್ಚು ಬಂತು, ಹೊರಕ್ಕೆ ಕಡಿಮೆ ಹೋಯಿತು. ಡಿಗಾಕ್ಸಿನ್‌ನಲ್ಲಿ ಉಪಕಾರಕ್ಕೂ ಅಪಾಯಕ್ಕೂ ನಡುವಿನ ಅಂತರ ಬಹಳ ಕಿರಿದು. ಕೆನಡಾದ ಒಂಟಾರಿಯೊದಲ್ಲಿ ವೃದ್ಧರ ದಾಖಲೆಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಡಿಗಾಕ್ಸಿನ್ ವಿಷದಿಂದ ಆಸ್ಪತ್ರೆ ಸೇರಿದವರು ಹಿಂದಿನ ವಾರ ಕ್ಲಾರಿಥ್ರೊಮೈಸಿನ್ ಪಡೆದಿರುವ ಸಂಭವ, ಡಿಗಾಕ್ಸಿನ್ ನುಂಗುತ್ತಿದ್ದ ಇತರರಿಗಿಂತ ಸುಮಾರು 12 ಪಟ್ಟು ಹೆಚ್ಚಾಗಿತ್ತು.

ಮೆದುಳಿನ ಬಾಗಿಲಲ್ಲಿ ಈ ಕಾವಲುಗಾರ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಆಕಸ್ಮಿಕವಾಗಿ ಗೊತ್ತಾಯಿತು. ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡ್ಯಾಮಿನ ಪ್ರಯೋಗಾಲಯವೊಂದರಲ್ಲಿ ಈ ಪ್ರೋಟೀನಿನ ಒಂದು ವಂಶವಾಹಿಯನ್ನು ತೆಗೆದುಹಾಕಿದ ಇಲಿಗಳನ್ನು ಬೆಳೆಸಿದ್ದರು. ಅವು ನೋಡಲು ಆರೋಗ್ಯವಾಗಿಯೇ ಇದ್ದವು. ಉಣ್ಣೆಯಂಥ ಹುಳುಗಳ ಕಾಟಕ್ಕೆಂದು ಎಲ್ಲ ಇಲಿಗಳಿಗೂ ಐವರ್‌ಮೆಕ್ಟಿನ್ ಸಿಂಪಡಿಸಿದರು. ಮಾಮೂಲು ಇಲಿಗಳಿಗೆ ಏನೂ ಆಗಲಿಲ್ಲ, ವಂಶವಾಹಿ ಇಲ್ಲದವು ಹೆಚ್ಚುಕಡಿಮೆ ಎಲ್ಲವೂ ಸತ್ತವು. ಮುಂದೆ ಅಳೆದು ನೋಡಿದಾಗ ಅಂಥ ಇಲಿಗಳ ಮೆದುಳಿನಲ್ಲಿ ಈ ಔಷಧ ಸುಮಾರು 90 ಪಟ್ಟು ಹೆಚ್ಚಾಗಿ ಸೇರುವುದು ಕಂಡಿತು. 1994ರಲ್ಲಿ ಈ ಸಂಗತಿ ಪ್ರಕಟವಾಯಿತು.

ಭೇದಿ ನಿಲ್ಲಿಸಲು ನಾವು ನುಂಗುವ ಲೊಪೆರಮೈಡ್ ಸಹ ಅಫೀಮಿನ ಗುಂಪಿಗೆ ಸೇರಿದ ಔಷಧವೇ. ಆದರೂ ಮಾಮೂಲು ಪ್ರಮಾಣದಲ್ಲಿ ಅಮಲು ಬರದಿರುವುದಕ್ಕೆ ಮೆದುಳಿನ ಬಾಗಿಲಲ್ಲಿರುವ ಈ ಪಂಪೇ ಮುಖ್ಯ ಕಾರಣ. ಎರಡು ವರ್ಷದೊಳಗಿನ ಮಕ್ಕಳಿಗೆ ಇದನ್ನು ಕೊಡಲೇಬಾರದು. ಭೇದಿಯಾದ ಮಗುವಿಗೆ ಬೇಕಾದದ್ದು ಓಆರ್‌ಎಸ್.

ಇದಕ್ಕೆ ತಿರುಗುಮುರುಗಾದದ್ದೂ ಉಂಟು. ಮೂತ್ರವನ್ನು ಕೆಂಪಾಗಿಸುವ ಕ್ಷಯದ ಮಾತ್ರೆ ರಿಫಾಂಪಿಸಿನ್ ಹಲವರಿಗೆ ಗೊತ್ತಿರಬೇಕು. ಅದನ್ನು ಕೆಲವು ದಿನ ತೆಗೆದುಕೊಂಡರೆ ಕರುಳಿನಲ್ಲಿ ಈ ಪಂಪುಗಳ ಸಂಖ್ಯೆಯೇ ಹೆಚ್ಚುತ್ತದೆ. ಆಗ ನುಂಗಿದ ಡಿಗಾಕ್ಸಿನ್ ಸಾಕಷ್ಟು ರಕ್ತ ಸೇರದೆ ಅದರ ಗುಣ ಕುಗ್ಗಬಹುದು.

ಒಳಕ್ಕೆ ಕರೆತರುವ ಪ್ರೋಟೀನುಗಳಿಗೂ ಅಡ್ಡಿಯಾಗಬಲ್ಲದು. ಅಲರ್ಜಿ, ಸೀನಿಗೆ ಕೊಡುವ ಫೆಕ್ಸೊಫೆನಡಿನ್ ಕರುಳಿನಿಂದ ರಕ್ತಕ್ಕೆ ಸೇರಲು ಅಂಥದೊಂದು ಪ್ರೋಟೀನಿನ ನೆರವು ಬೇಕು. ಕಿತ್ತಳೆ, ಸೇಬಿನ ರಸ ಅದಕ್ಕೆ ತಡೆಯೊಡ್ಡುತ್ತದೆ. ಮಾತ್ರೆ ಕಹಿಯೆಂದು ಮಕ್ಕಳಿಗೆ ಹಣ್ಣಿನ ರಸದ ಜೊತೆ ಕೊಡುವ ತಾಯಂದಿರು ಇದೊಂದನ್ನು ನೀರಿನಲ್ಲೇ ಕೊಡಲಿ.

ವೈದ್ಯರು ಬೇಕೆಂದೇ ಬಾಗಿಲು ಮುಚ್ಚಿಸಿದ್ದೂ ಇದೆ. 1941ರಲ್ಲಿ ಆಕ್ಸ್‌ಫರ್ಡಿನಲ್ಲಿ ಮೊದಮೊದಲು ಪೆನಿಸಿಲಿನ್ ಕೊಟ್ಟಾಗ ಅದು ಎಷ್ಟು ದುರ್ಲಭವಾಗಿತ್ತೆಂದರೆ ರೋಗಿಯ ಮೂತ್ರದಿಂದ ಅದನ್ನು ಬೇರ್ಪಡಿಸಿ ಮತ್ತೆ ಚುಚ್ಚುತ್ತಿದ್ದರು. ಮೂತ್ರಪಿಂಡದ ಪ್ರೋಟೀನುಗಳು ಅದನ್ನು ಅಷ್ಟು ಬೇಗ ಹೊರಹಾಕುತ್ತಿದ್ದವು. ಆಮೇಲೆ ಬಂದ ಪ್ರೊಬೆನೆಸಿಡ್ ಆ ಸಾಗಣೆಯನ್ನು ತಡೆದು ಪೆನಿಸಿಲಿನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವಂತೆ ಮಾಡಿತು.

ಅಜ್ಜನ ವಿಷಯಕ್ಕೆ ಬರೋಣ. ಡಿಗಾಕ್ಸಿನ್ ನುಂಗುವವರಿಗೆ ಹೊಸ ಔಷಧ ಶುರುವಾದ ಮೇಲೆ ವಾಕರಿಕೆ, ಹಳದಿ ದೃಷ್ಟಿ, ನಾಡಿ ನಿಧಾನವಾಗುವುದು ಕಂಡರೆ ಮಜ್ಜಿಗೆ ಕುಡಿಸುತ್ತ ಕೂರದೆ ಅದೇ ದಿನ ವೈದ್ಯರ ಬಳಿಗೆ ಕರೆದೊಯ್ಯಬೇಕು. ರಕ್ತದಲ್ಲಿನ ಡಿಗಾಕ್ಸಿನ್, ಪೊಟ್ಯಾಸಿಯಂ ಮತ್ತು ಇಸಿಜಿ ನೋಡಿ ಅವರು ನಿರ್ಧರಿಸುತ್ತಾರೆ. ಹೋಗುವಾಗ ಬರೀ ಹೊಸ ಚೀಟಿ ಸಾಲದು, ಹಳೆಯ ಮಾತ್ರೆಯ ಪಟ್ಟಿಯೂ ಕೈಚೀಲದಲ್ಲಿರಲಿ.