ಬರೆದವರ ಹಕ್ಕು

ಹೊಲಕ್ಕೆ ಬೇಲಿಯುಂಟು, ಮನೆಗೆ ಬಾಗಿಲುಂಟು. ಆದರೆ ಒಮ್ಮೆ ಹಾಡಿದ ಹಾಡಿಗೆ ಬೇಲಿ ಹಾಕುವುದು ಹೇಗೆ? ಅದು ಕಿವಿಯಿಂದ ಕಿವಿಗೆ ಹರಿದುಹೋಗುತ್ತದೆ. ಹಾಗೆ ಹರಿದುಹೋಗಲೆಂಬುದೇ ಕವಿಯ ಬಯಕೆಯೂ ಹೌದು. ಆದರೆ ಅದನ್ನು ಅಚ್ಚುಹಾಕಿಸಿ ಮಾರಿದವನು ಹಣ ಗಳಿಸಿ, ಬರೆದವನು ಬರಿಗೈಯಲ್ಲಿ ಉಳಿದರೆ ಅದನ್ನು ಯಾರೂ ನ್ಯಾಯವೆನ್ನಲಾರರು. ಈ ಕಾರಣದಿಂದಲೇ ನಮ್ಮ ದೇಶದಲ್ಲಿ 1957ರಲ್ಲಿ ಕೃತಿಸ್ವಾಮ್ಯ ಕಾಯಿದೆಯನ್ನು ರಚಿಸಲಾಯಿತು.

ಈ ಕಾಯಿದೆಯಂತೆ ಕಥೆ, ಕವಿತೆ, ನಾಟಕ, ಚಿತ್ರ, ಸಂಗೀತ ಮೊದಲಾದವುಗಳ ಮೇಲಿನ ಹಕ್ಕು ಸಾಮಾನ್ಯವಾಗಿ ಅವುಗಳನ್ನು ರಚಿಸಿದವರದು. ಮುದ್ರಿಸಲು, ಭಾಷಾಂತರಿಸಲು, ರಂಗದ ಮೇಲೆ ಆಡಲು, ಚಲನಚಿತ್ರವಾಗಿಸಲು ಅವರ ಅನುಮತಿ ಬೇಕು. ಲೇಖಕನ ಜೀವಮಾನವೆಲ್ಲವೂ, ಆತನು ತೀರಿಕೊಂಡ ಮೇಲೆ 60 ವರ್ಷಗಳವರೆಗೂ ಈ ಹಕ್ಕು ಉಳಿಯುತ್ತದೆ. ಮೊದಲು ಅದು 50 ವರ್ಷವಿತ್ತು, 1992ರಲ್ಲಿ ಹೆಚ್ಚಿಸಲಾಯಿತು. ಆದರೆ ಬರಿಯ ಕಲ್ಪನೆಗೆ ಈ ರಕ್ಷಣೆಯಿಲ್ಲ. ಒಂದೇ ವಿಷಯವನ್ನು ಇಬ್ಬರು ತಮ್ಮ ತಮ್ಮ ರೀತಿಯಲ್ಲಿ ಬರೆಯಬಹುದು ಎಂಬುದನ್ನು ಸುಪ್ರೀಂ ಕೋರ್ಟು 1978ರಲ್ಲಿ ಸ್ಪಷ್ಟಪಡಿಸಿತು.

ಹಕ್ಕನ್ನು ಪಡೆಯಲು ನೋಂದಣಿ ಮಾಡಿಸಲೇಬೇಕೆಂದು ಹಲವರು ತಿಳಿದಿದ್ದಾರೆ. ಇದು ತಪ್ಪು. ಕೃತಿಯು ಹುಟ್ಟಿದಾಗಲೇ ಹಕ್ಕೂ ಹುಟ್ಟುತ್ತದೆ. ದೆಹಲಿಯ ಕೃತಿಸ್ವಾಮ್ಯ ಕಚೇರಿಯಲ್ಲಿ ಮಾಡಿಸುವ ನೋಂದಣಿಯು ವ್ಯಾಜ್ಯ ಬಂದಾಗ ಸಾಕ್ಷ್ಯವಾಗಿ ನೆರವಾಗುತ್ತದೆ, ಅಷ್ಟೆ.

ನಮ್ಮ ನಾಡಿನದೇ ಒಂದು ನಿದರ್ಶನವನ್ನು ನೋಡೋಣ. ಶಿವರಾಮ ಕಾರಂತರು ಯಕ್ಷಗಾನಕ್ಕೆ ಹೊಸ ರೂಪ ಕೊಟ್ಟು ನೃತ್ಯನಾಟಕಗಳನ್ನು ರಚಿಸಿದರು. 1997ರಲ್ಲಿ ಅವರು ತೀರಿಕೊಂಡ ಬಳಿಕ ಅವುಗಳ ಹಕ್ಕು ಯಾರದೆಂಬ ಪ್ರಶ್ನೆ ಎದ್ದಿತು. ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕಾರಂತರ ಉಯಿಲಿನ ಮೂಲಕ ಹಕ್ಕು ಪಡೆದವರ ಪರವಾಗಿ 2009ರಲ್ಲಿ ತೀರ್ಪು ಬಂದಿತು. ಕಾಯಿದೆಯೇ ಕೊಟ್ಟಿರುವ ವಿನಾಯಿತಿಗಳು ಹಾಗೆಯೇ ಉಳಿಯುತ್ತವೆ ಎಂಬುದನ್ನೂ ನ್ಯಾಯಾಲಯವು ತಿಳಿಸಿತು. ಇಂಥ ವಿನಾಯಿತಿಯೊಂದು ನಿಮಗೂ ಸಂಬಂಧಿಸಿದ್ದು: ಶಾಲೆಯ ಚಟುವಟಿಕೆಯಾಗಿ, ಅಧ್ಯಾಪಕರು, ವಿದ್ಯಾರ್ಥಿಗಳು, ಪೋಷಕರು ಇವರ ಮುಂದಷ್ಟೇ ನೀವು ನಾಟಕವಾಡಿದರೆ ಅದು ಹಕ್ಕಿನ ಉಲ್ಲಂಘನೆಯಲ್ಲ. ಟಿಕೆಟ್ಟು ಮಾರಿ ಊರಿಗೆಲ್ಲ ತೋರಿಸಹೊರಟರೆ ಮಾತು ಬೇರೆ.

ಇಷ್ಟೆಲ್ಲ ಕಾನೂನಿದ್ದರೂ ಅದನ್ನು ಓದಿ ತಿಳಿದ ಲೇಖಕರು ಎಷ್ಟು ಮಂದಿ? ಹಳ್ಳಿಯ ಹೆಣ್ಣುಮಗಳೊಬ್ಬಳು ಮಕ್ಕಳಿಗಾಗಿ ನಲವತ್ತು ಹಾಡುಗಳನ್ನು ಬರೆದಿದ್ದಾಳೆ ಎಂದಿಟ್ಟುಕೊಳ್ಳೋಣ. ಪ್ರಕಾಶಕನೊಬ್ಬನು ಎರಡು ಸಾವಿರ ರೂಪಾಯಿ ಮುಂದಿಟ್ಟು, “ಇಲ್ಲಿ ರುಜು ಮಾಡಿ ತಾಯಿ” ಎನ್ನುತ್ತಾನೆ. ಎಲ್ಲ ಹಕ್ಕುಗಳನ್ನೂ ಶಾಶ್ವತವಾಗಿ ಬಿಟ್ಟುಕೊಟ್ಟಿದ್ದೇನೆ ಎಂದು ಕಾಗದದಲ್ಲಿ ಬರೆದಿದೆ. ಪುಸ್ತಕವಾಗುವ ಸಂತೋಷದಲ್ಲಿ ಅದನ್ನು ಓದುವ ವ್ಯವಧಾನ ಯಾರಿಗಿರುತ್ತದೆ?

ಇಂಥವರಿಗೆ ಉಚಿತ ಸಲಹೆ ದೊರೆಯುವ ಸ್ಥಳ ತಾಲ್ಲೂಕಿನಲ್ಲಿಯೇ ಉಂಟು. ಬಡತನದ ಕಾರಣದಿಂದ ಯಾರಿಗೂ ನ್ಯಾಯ ತಪ್ಪಬಾರದೆಂಬ ನಿರ್ದೇಶನವು 1976ರಲ್ಲಿ ನಮ್ಮ ಸಂವಿಧಾನಕ್ಕೆ ಸೇರಿತು. ಅದರ ಫಲವಾಗಿ 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ ಬಂದಿತು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡಗಳವರು, ಅಂಗವಿಕಲರು, ಕಾರ್ಖಾನೆಯ ಕಾರ್ಮಿಕರು ಆದಾಯವೆಷ್ಟೇ ಇದ್ದರೂ ನೆರವು ಕೇಳಬಹುದು. ಉಳಿದವರಲ್ಲಿ ನಿಗದಿತ ಮಿತಿಗಿಂತ ಕಡಿಮೆ ಆದಾಯವುಳ್ಳವರಿಗೆ ಈ ಸೌಲಭ್ಯವುಂಟು. ಮೊಕದ್ದಮೆ ಹೂಡಿದ ಮೇಲೆ ಮಾತ್ರ ಹೋಗಬೇಕೆಂದಿಲ್ಲ. ಕಾನೂನಿನ ಯಾವುದೇ ವಿಷಯದಲ್ಲಿ ಸಲಹೆ ಕೊಡುವುದೂ ಈ ಸೇವೆಯಲ್ಲಿ ಸೇರಿದೆ. 15100 ಎಂಬ ದೂರವಾಣಿ ಸಂಖ್ಯೆಗೆ ಕರೆ ಮಾಡಿಯೂ ವಿಚಾರಿಸಬಹುದು.

ಆ ಹೆಣ್ಣುಮಗಳು ರುಜು ಹಾಕುವ ಮುನ್ನ ಕಾಗದವನ್ನು ಅಲ್ಲಿಗೆ ಒಯ್ದಳೆನ್ನಿ. ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಯಾವ ಹಕ್ಕು, ಎಷ್ಟು ಕಾಲ, ಎಷ್ಟು ಸಂಭಾವನೆ ಎಂಬುದು ಅದರಲ್ಲಿ ಕಾಣಬೇಕು ಎಂದು ವಕೀಲರು ವಿವರಿಸುತ್ತಾರೆ. ಕಾಲವನ್ನು ನಮೂದಿಸದೆ ಇದ್ದರೆ ಅದು ಐದೇ ವರ್ಷವೆಂದು ಕಾಯಿದೆ ಭಾವಿಸುತ್ತದೆ. ‘ಶಾಶ್ವತವಾಗಿ’ ಎಂದು ಬರೆದುಕೊಟ್ಟವರಿಗೆ ಆ ಅನುಕೂಲವಿಲ್ಲ. ಆಕೆ ಆ ಒಂದು ಪದವನ್ನು ಹೊಡೆದುಹಾಕಿಸಿ, ಮೊದಲ ಮುದ್ರಣಕ್ಕೆ ಮಾತ್ರ ಒಪ್ಪಿಗೆಯೆಂದು ಬರೆಯಿಸಿಕೊಂಡು ರುಜು ಮಾಡಬಹುದು. ಪ್ರಕಾಶಕನು ಒಪ್ಪದಿದ್ದರೆ ಹಾಡಿನ ಪುಸ್ತಕ ಇನ್ನೂ ಆಕೆಯ ಕೈಯಲ್ಲೇ ಇದೆ.